ದಿನಗಣಕದ ಹೊಸ ಯಜಮಾನ

ಎಲ್ಲದಕ್ಕೂ ಮೂಲ ಒಂದು ಕೀಬೋರ್ಡು. ಅದು ಅವನದ್ದಲ್ಲ, ಅವನು ಅದನ್ನು ಕಣ್ಣಿಂದ ನೋಡಿದವನೂ ಅಲ್ಲ.

ಅವನು ಸಾರ್ವಜನಿಕ ಗ್ರಂಥಾಲಯದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಗುಮಾಸ್ತ. ಮೂರು ವರ್ಷದಿಂದ ಹಂಗಾಮಿ. ಬೆಳಿಗ್ಗೆ ನಾಲ್ಕು ಕಂಪ್ಯೂಟರ್ ಹಚ್ಚುವುದು, ಸಂಜೆ ಆರಿಸುವುದು, ನಡುವೆ ಪ್ರಿಂಟರ್ ಕಾಗದ ನುಂಗಿದರೆ ಎಳೆದು ತೆಗೆಯುವುದು, ಇಷ್ಟೇ ಅವನ ಕೆಲಸ. ಉಳಿದ ಹೊತ್ತಿನಲ್ಲಿ ಲೋಕೋದ್ಧಾರ ಮಾಡುತ್ತಿದ್ದ. ಆನ್‌ಲೈನ್ ಚರ್ಚೆಗಳಲ್ಲಿ ಅವನ ಹೆಸರು ಮುಕ್ತಕಂಠ. ತಂತ್ರಾಂಶ ಎಲ್ಲರ ಸೊತ್ತಾಗಬೇಕು, ಅದರ ಒಳಗನ್ನು ಯಾರು ಬೇಕಾದರೂ ಓದುವಂತಿರಬೇಕು, ನಾಲ್ಕು ದೈತ್ಯ ಕಂಪನಿಗಳು ಜಗತ್ತಿನ ಕುತ್ತಿಗೆ ಹಿಡಿದು ಕೂತಿವೆ ಎಂಬುದು ಅವನ ವಾದ. ವಾದದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಎಲ್ಲರೂ ಓದುವಂತಿರಬೇಕು ಎಂದು ಮೂರು ವರ್ಷ ಗಂಟಲು ಹರಿದುಕೊಂಡ ಈ ಮಹಾಶಯ ಇದುವರೆಗೆ ಒಂದೇ ಒಂದು ತಂತ್ರಾಂಶದ ಒಳಗನ್ನೂ ಓದಿರಲಿಲ್ಲ. ಅಷ್ಟು ಬಿಡುವು ಅವನಿಗೆಲ್ಲಿ?

ದಿನಗಣಕ ಎಂಬುದೊಂದು ಪುಟ್ಟ ತಂತ್ರಾಂಶ. ಈ ತಾರೀಖಿನಿಂದ ಆ ತಾರೀಖಿಗೆ ಎಷ್ಟು ದಿನ ಎಂದು ಎಣಿಸಿ ಹೇಳುತ್ತದೆ, ಅಷ್ಟೇ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ್ದರಿಂದ ಸಾವಿರಾರು ಕಡೆ ಹೊಕ್ಕಿತ್ತು. ಗ್ರಂಥಾಲಯದಲ್ಲಿ ಪುಸ್ತಕ ಹಿಂತಿರುಗಿಸುವ ದಿನ ಹೇಳುವುದೂ ಅದೇ, ಹಲ್ಲಿನ ಡಾಕ್ಟರ ಬಳಿ ಸರದಿ ಹಚ್ಚುವುದೂ ಅದೇ. ಹನ್ನೆರಡು ವರ್ಷದಿಂದ ಒಬ್ಬನೇ ಒಬ್ಬ ಅದನ್ನು ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದ. ಅವನ ಮುಖ ಕಂಡವರಿಲ್ಲ. ದೂರು ಬರೆದವರಿಗೆಲ್ಲ ಎರಡೇ ಸಾಲಿನಲ್ಲಿ ಉತ್ತರ ಕೊಟ್ಟು, ರಿಪೇರಿ ಮಾಡಿ ಸುಮ್ಮನಾಗುತ್ತಿದ್ದ. ಎಲ್ಲರೂ ಅವನನ್ನು ಯಜಮಾನ ಎನ್ನುತ್ತಿದ್ದರು.

ಆ ಬೆಳಿಗ್ಗೆ ಯಜಮಾನ ಒಂದು ಟಿಪ್ಪಣಿ ಹಾಕಿದ. ತನ್ನ ಕೀಬೋರ್ಡಿನ ಮೂರು ಗುಂಡಿ ಕೆಟ್ಟಿದ್ದವೆಂದೂ, ದಿನಗಣಕ ಬಳಸುವ ಒಂದು ದೊಡ್ಡ ಕಂಪನಿಯವರು ಹೊಸ ಕೀಬೋರ್ಡು ಕಳಿಸಿದ್ದಾರೆಂದೂ, ಅವರಿಗೆ ಕೃತಜ್ಞತೆಗಳೆಂದೂ ಬರೆದಿದ್ದ.

ಮುಕ್ತಕಂಠ ಅದನ್ನು ಓದಿದ್ದು ಹಲ್ಲುಜ್ಜುತ್ತಾ. ಬಾಯಲ್ಲಿ ನೊರೆ ಮೊದಲೇ ಇದ್ದುದರಿಂದ ಕೋಪಕ್ಕೆ ಬೇರೆ ತಯಾರಿ ಬೇಕಾಗಲಿಲ್ಲ. ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಲಾಖೆಯ ನಿರ್ದೇಶಕರು ಅಂದು ಮಧ್ಯಾಹ್ನ ಗ್ರಂಥಾಲಯಕ್ಕೆ ಬರುವವರಿದ್ದರು. ಎಲ್ಲ ಸರಿ ಕಂಡರೆ ಅವನ ಹುದ್ದೆ ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕುವವರಿದ್ದರು.

"ನೋಡಿ, ಲೋಕ ಉದ್ಧಾರ ಆಗೋದು ಒಂದು ದಿನ ತಡವಾದ್ರೆ ಏನೂ ಕೆಟ್ಟುಹೋಗಲ್ಲ," ಅಂದಳು ಅವಳು. "ಸಹಿ ಬೀಳೋ ತನಕ ಆ ಫೋನ್ ಮುಟ್ಬೇಡಿ."

ಅವನು ಹೂಂ ಅಂದ. ಬಸ್ಸು ಹತ್ತಿದ ಕೂಡಲೇ ಮುಟ್ಟಿದ. 'ಇಂದು ಕೀಬೋರ್ಡು, ನಾಳೆ ಕೈ, ನಾಡಿದ್ದು ತಲೆ. ಯಜಮಾನ ಮಾರಿಕೊಂಡಿದ್ದಾನೆ' ಎಂದು ಬರೆದ. ಮೂರು ನಿಲ್ದಾಣ ದಾಟುವಷ್ಟರಲ್ಲಿ ನಾನೂರ ಹನ್ನೆರಡು ಜನ ಅವನ ಬೆನ್ನಿಗೆ ನಿಂತರು. ಒಬ್ಬ ಕೃತಜ್ಞತೆ ಎಂಬ ಭಾವನೆಯೇ ಗುಲಾಮಗಿರಿಯ ಮೊದಲ ಮೆಟ್ಟಿಲೆಂದು ಹದಿನಾಲ್ಕು ಕಂತಿನಲ್ಲಿ ಸಿದ್ಧಮಾಡಿ ತೋರಿಸಿದ. ಇನ್ನೊಬ್ಬ, ಹನ್ನೆರಡು ವರ್ಷ ದುಡಿದವನು ಮೂರು ಗುಂಡಿಯಿಲ್ಲದೆ ಇನ್ನಷ್ಟು ದಿನ ದುಡಿಯಲಾರದೇ ಹೋದನೇ ಎಂದು ಕಣ್ಣೀರು ಹಾಕಿದ. ಇಂಥವರ ಕಣ್ಣೀರಿಗೆ ಖರ್ಚಿಲ್ಲ.

ಗ್ರಂಥಾಲಯದ ಮೆಟ್ಟಿಲು ಹತ್ತುವಾಗ ಯಜಮಾನನ ಉತ್ತರ ಬಂತು. 'ನೀವು ಹೇಳಿದ್ದು ಸರಿ. ನಿಮ್ಮಷ್ಟು ಕಾಳಜಿ ನನಗಿಲ್ಲ. ದಿನಗಣಕವನ್ನು ನಿಮಗೇ ಒಪ್ಪಿಸುತ್ತಿದ್ದೇನೆ. ಒಪ್ಪಿಗೆಯಾದರೆ ನಿಮ್ಮ ಫೋನ್ ನಂಬರ್ ತುಂಬಿ ಕೆಳಗಿನ ಗುಂಡಿ ಒತ್ತಿ.'

ನಾನೂರ ಹನ್ನೆರಡು ಜೊತೆ ಕಣ್ಣು ಅವನ ಬೆರಳನ್ನೇ ನೋಡುತ್ತಿದ್ದವು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ ಎಂದು ಅವನಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಂಬರ್ ತುಂಬಿ ಒತ್ತಿಬಿಟ್ಟ.

ಒಳಗೆ ಗ್ರಂಥಪಾಲಕಿ ಮೇಡಂ ಜವಾನನನ್ನು ಏಣಿ ಹತ್ತಿಸಿ ಫ್ಯಾನಿನ ಧೂಳು ಹೊಡೆಸುತ್ತಿದ್ದರು. ಮುಕ್ತಕಂಠ ತನ್ನ ಹೊಸ ಪದವಿಯ ಸುದ್ದಿ ಯಾರಿಗೂ ಹೇಳಲಿಲ್ಲ. ನಿರ್ದೇಶಕರು ಬಂದಾಗ, ಜಗತ್ತೇ ಬಳಸುವ ತಂತ್ರಾಂಶಕ್ಕೆ ತಾನು ಯಜಮಾನನೆಂದು ಸಮಯ ನೋಡಿ ಹೇಳಿ ಅವರನ್ನು ಬೆರಗುಗೊಳಿಸುವ ಆಸೆ ಅವನಿಗೆ. ಅವನು ಆ ದಿನ ಮಾಡಿದ ಜಾಣತನದ ಕೆಲಸ ಅದೊಂದೇ. ಅದನ್ನೂ ತಪ್ಪು ಕಾರಣಕ್ಕೆ ಮಾಡಿದ.

ಕೂತು ನೋಡಿದರೆ ಮುನ್ನೂರ ನಲವತ್ತು ದೂರುಗಳು ಕಾದಿದ್ದವು. ನಾಯಿಗಳಿಗೆ ಚುಚ್ಚುಮದ್ದು ಹಾಕುವ ಸಂಸ್ಥೆಯವರು, ಫೆಬ್ರವರಿ ಇಪ್ಪತ್ತೊಂಬತ್ತರಂದು ಹುಟ್ಟಿದ ಮರಿಗಳಿಗೆ ವಯಸ್ಸೇ ಆಗುತ್ತಿಲ್ಲ ಎಂದು ಬರೆದಿದ್ದರು. ಅವನು ಅವರಿಗೆ, ಈ ಸಮಸ್ಯೆಯನ್ನು ಬಂಡವಾಳದ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕೆಂದು ಉತ್ತರಿಸಿದ. ಇಂಥ ನಾಲ್ಕು ಉತ್ತರ ಬರೆಯುವಷ್ಟರಲ್ಲಿ ಸಾಕಾಗಿಹೋಯಿತು. ಯಜಮಾನನಾದ ಮೇಲೆ ಚಿಲ್ಲರೆ ಕೆಲಸ ಮಾಡುವುದೇ? ಮೊದಲು ಒಂದು ಘೋಷಣೆ ಹೊರಬೀಳಬೇಕು ಅನ್ನಿಸಿತು.

ದಿನಗಣಕವನ್ನು ಯಾವ ದೈತ್ಯ ಕಂಪನಿಯೂ ಮುಟ್ಟಕೂಡದು ಎಂದು ಇಪ್ಪತ್ತೆರಡು ಸಾಲಿನ ಘೋಷಣೆ ಬರೆದ. ಬರೆದದ್ದು ಬೇರೆಲ್ಲೂ ಅಲ್ಲ, ತಂತ್ರಾಂಶದ ಒಳಗೇ, ನೆತ್ತಿಯ ಮೇಲೆ. ಅಲ್ಲಿ ಮನುಷ್ಯರು ಓದಲೆಂದು ಏನಾದರೂ ಬರೆಯುವವರು ಪ್ರತಿ ಸಾಲಿನ ಮುಂದೆ ಒಂದು ಸಣ್ಣ ಗುರುತು ಹಾಕುತ್ತಾರೆ. ಆಗ ಯಂತ್ರ ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಗುರುತಿಲ್ಲದಿದ್ದರೆ ತನಗೇ ಅಪ್ಪಣೆ ಕೊಟ್ಟರೆಂದು ತಿಳಿಯುತ್ತದೆ. ಈ ಕೆಲಸಕ್ಕೆ ಕೂತವರು ಮೊದಲ ದಿನ ಕಲಿಯುವ ಪಾಠ ಇದು. ನಮ್ಮವನಿಗೆ ಆ ಮೊದಲ ದಿನ ಇನ್ನೂ ಬಂದಿರಲಿಲ್ಲ. 'ಎಲೈ ದೈತ್ಯರೇ, ಕೇಳಿರಿ' ಎಂಬ ಅಪ್ಪಣೆಯನ್ನು ಹೇಗೆ ಪಾಲಿಸುವುದೆಂದು ತಿಳಿಯದೆ ಯಂತ್ರ ಅಲ್ಲೇ ನಿಂತಿತು.

ದೈತ್ಯರಿಗೆ ಮಾತ್ರ ಏನೂ ಆಗಲಿಲ್ಲ. ಅವರು ಹೊರಗಿನ ಯಾವುದನ್ನೂ ಪರೀಕ್ಷೆ ಮಾಡದೆ ಒಳಗೆ ಬಿಟ್ಟುಕೊಳ್ಳುವವರಲ್ಲ. ಬಾಣ ಹೋಗಿ ನೆಟ್ಟದ್ದು ಬಡಪಾಯಿಗಳಿಗೆ. ಹಲ್ಲಿನ ಡಾಕ್ಟರ ಸರದಿ ನಿಂತಿತು, ನಾಯಿಗಳ ಚುಚ್ಚುಮದ್ದು ನಿಂತಿತು, ಅವನ ಮೂಗಿನ ಮುಂದಿದ್ದ ಪುಸ್ತಕದ ಕೌಂಟರೂ ನಿಂತಿತು. ಹೊಸ ಆವೃತ್ತಿ ಬಂದ ಕ್ಷಣವೇ ಕಣ್ಣುಮುಚ್ಚಿ ತಂದುಕೊಳ್ಳುವಂತೆ ಗ್ರಂಥಾಲಯದ ಕಂಪ್ಯೂಟರಿಗೆ ಹೇಳಿಕೊಟ್ಟವನು ಅವನೇ ಅಲ್ಲವೇ.

ಕೌಂಟರಿನ ಮುಂದೆ ಸಾಲು ಬೆಳೆಯಿತು. ಮೇಡಂ ಬಂದು ಏನಾಗಿದೆ ಎಂದು ಕೇಳಿದರು. ಅವನು ಬೆವರು ಒರೆಸಿಕೊಂಡು, ದೊಡ್ಡ ಕಂಪನಿಗಳ ಕೈವಾಡ ಇರಬಹುದು ಎಂದ.

"ಯಾರ ಕೈವಾಡನಾದ್ರೂ ಇರ್ಲಿ, ಮೂರಕ್ಕೆ ನಿರ್ದೇಶಕರು ಬರೋದ್ರೊಳಗೆ ಸರಿಮಾಡಿ," ಅಂದರು ಮೇಡಂ. "ನಿಮ್ಮ ಕಾಗದ ಅವರ ಬ್ಯಾಗಲ್ಲೇ ಇದೆ."

ಅವನು ಓಡಿಹೋಗಿ ಘೋಷಣೆಯನ್ನು ಅಳಿಸಿದ. ಆ ಗಡಿಬಿಡಿಯಲ್ಲಿ ಇಪ್ಪತ್ತೆರಡು ಸಾಲಿನ ಜೊತೆ ಇಪ್ಪತ್ತಮೂರನೆಯದೂ ಹೋಯಿತು. ಇವತ್ತು ಯಾವ ದಿನ ಎಂದು ಯಂತ್ರಕ್ಕೆ ತಿಳಿಸುವ ಸಾಲು ಅದು. ಕೌಂಟರು ಮತ್ತೆ ನಡೆಯಿತು. ಆದರೆ ಪುಸ್ತಕ ಹಿಂತಿರುಗಿಸುವ ದಿನವನ್ನು ಯಂತ್ರ ತನಗೆ ತೋಚಿದಲ್ಲಿಂದ, ಎಂದರೆ ಐವತ್ತು ವರ್ಷಕ್ಕೂ ಹಿಂದಿನ ಒಂದು ಜನವರಿಯಿಂದ ಎಣಿಸತೊಡಗಿತು. ಕರ್ತವ್ಯನಿಷ್ಠ ಯಂತ್ರ ಬೇರೆ. 'ನೀವು ಪುಸ್ತಕ ಹಿಂತಿರುಗಿಸಲು ಐವತ್ತು ವರ್ಷ ತಡಮಾಡಿದ್ದೀರಿ, ನಿಮ್ಮ ಸದಸ್ಯತ್ವ ರದ್ದಾಗಿದೆ' ಎಂದು ಸದಸ್ಯರಿಗೆ ಒಬ್ಬೊಬ್ಬರಾಗಿ ಸಂದೇಶ ಕಳಿಸಲು ಶುರುಮಾಡಿತು.

ಮೊದಲು ಬಂದವರು ಎದುರು ಬೀದಿಯ ನಿವೃತ್ತ ಮೇಷ್ಟ್ರು. ಐವತ್ತು ವರ್ಷದ ಹಿಂದೆ ಈ ಕಟ್ಟಡವೇ ಇರಲಿಲ್ಲ, ಇಲ್ಲೊಂದು ಹೊಂಡವಿತ್ತು, ಅದರಲ್ಲಿ ತಾನೇ ಬಿದ್ದಿದ್ದೆ ಎಂದು ಅವರು ಸಾಲಿನಲ್ಲಿದ್ದವರಿಗೆಲ್ಲ ವಿವರಿಸಿದರು. ಮಗುವಿನ ಚಿತ್ರಪುಸ್ತಕ ಹಿಡಿದು ಬಂದ ತಾಯಿಯೊಬ್ಬಳು, ತನ್ನ ಮಗಳಿಗೆ ಇನ್ನೂ ಐದು ತುಂಬಿಲ್ಲ ಎಂದು ಜಗಳಕ್ಕೆ ನಿಂತಳು. ಜವಾನ ಯಾರೂ ಕೇಳದಿದ್ದರೂ, ಯಂತ್ರಕ್ಕೆ ಮರೆವು ಬಂದಿದೆ, ನಮ್ಮ ಸೋದರಮಾವನಿಗೂ ಹೀಗೇ ಶುರುವಾದದ್ದು ಎಂದು ಎಲ್ಲರಿಗೂ ಸಮಾಧಾನ ಹೇಳುತ್ತಾ ತಿರುಗಿದ.

ಮುಕ್ತಕಂಠ ನಾನೂರ ಹನ್ನೆರಡು ಜನರ ಮೊರೆಹೊಕ್ಕ. ತಕ್ಷಣ ಯಾರಾದರೂ ಆ ಒಂದು ಸಾಲನ್ನು ಬರೆದುಕೊಡಿ ಎಂದು ಬೇಡಿಕೊಂಡ. ಉತ್ತರಗಳಿಗೇನೂ ಬರವಿರಲಿಲ್ಲ. ರಿಪೇರಿಗೆ ಮೊದಲು ಸಮಿತಿಯಾಗಲಿ ಎಂದು ಒಬ್ಬ. ಸಮಿತಿಯ ಲಾಂಛನ ತಯಾರಾಗಿದೆ ಎಂದು ಮತ್ತೊಬ್ಬ, ಚಿತ್ರಸಮೇತ. ಕೃತಜ್ಞತೆಯ ಬಗ್ಗೆ ಹದಿನಾಲ್ಕು ಕಂತು ಬರೆದಿದ್ದವನು, ತಾನು ತತ್ವದ ಕಡೆಯವನು, ಕೋಡ್ ಬರೆಯುವುದು ತನ್ನ ಕ್ಷೇತ್ರವಲ್ಲ ಎಂದು ಒಂದೇ ಕಂತಿನಲ್ಲಿ ಮುಗಿಸಿದ. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಇಲ್ಲಿ ನಾನೂರು ಜನ ಸೇರಿದ್ದರು, ಒಬ್ಬನ ಕೈಯಲ್ಲೂ ಕೋಲಿರಲಿಲ್ಲ.

ಮೂರಕ್ಕೆ ನಿರ್ದೇಶಕರು ಬಂದರು. ಸಣ್ಣ ಆಳು, ಮೆತ್ತನೆ ಮಾತು, ಜೇಬಿನಲ್ಲಿ ಒಳ್ಳೆಯ ಪೆನ್ನು. ಮೇಡಂ ಎಷ್ಟು ತಡೆದರೂ ಕೇಳದೆ, ಸಾಮಾನ್ಯ ಓದುಗನಂತೆ ಸಾಲಿನಲ್ಲಿ ನಿಂತು, ಕೈತೋಟದ ಮೇಲಿನ ಒಂದು ಪುಸ್ತಕ ತೆಗೆದುಕೊಂಡರು. ಚೀಟಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಈ ಪುಸ್ತಕ ನಾನು ಹುಟ್ಟೋಕೆ ಮುಂಚೆ ವಾಪಸ್ ಕೊಡಬೇಕಿತ್ತು ಅಂತ ಇದೆ," ಅಂದರು.

ಮುಕ್ತಕಂಠ ಐದು ನಿಮಿಷ ಕೊಡಿ ಎಂದು ಹೇಳಿ, ಯಾರೂ ಸುಳಿಯದ ವಿಶ್ವಕೋಶಗಳ ಕಪಾಟಿನ ಹಿಂದೆ ಹೋಗಿ ನಿಂತ. ಅವನಿಗೆ ನಿಜಕ್ಕೂ ಅಳು ಬರುವಂತಾಗಿತ್ತು. ಮೂರು ವರ್ಷದಿಂದ ಪ್ರತಿ ಮಾರ್ಚಿನಲ್ಲೂ ಕೆಲಸ ಇರುತ್ತದೋ ಹೋಗುತ್ತದೋ ಎಂದು ಹೆಂಡತಿ ನಿದ್ದೆಗೆಡುವುದನ್ನು ಅವನು ನೋಡಿದ್ದ. ಮಾನ ಬಿಟ್ಟು ಹಳೆಯ ಯಜಮಾನನಿಗೇ ಬರೆದ: 'ತಪ್ಪಾಯಿತು. ಕಾಪಾಡಿ.'

ಉತ್ತರ ಎರಡು ಸಾಲು ಮೀರಿ ಬಂದದ್ದು ಅದೇ ಮೊದಲಂತೆ. 'ನಾನೀಗ ಅದನ್ನು ಮುಟ್ಟುವಂತಿಲ್ಲ. ಇವತ್ತು ಮಧ್ಯಾಹ್ನ ಆ ಕೀಬೋರ್ಡು ಕಳಿಸಿದ ಕಂಪನಿಯ ಕೆಲಸಕ್ಕೆ ಸೇರಿದೆ. ಮೂರು ವರ್ಷದಿಂದ ಕರೆಯುತ್ತಿದ್ದರು. ದಿನಗಣಕವನ್ನು ಅನಾಥವಾಗಿ ಬಿಟ್ಟು ಹೇಗೆ ಹೋಗುವುದು ಎಂದು ಒಪ್ಪಿರಲಿಲ್ಲ. ನೀವು ಸಿಕ್ಕಿರಿ. ನನ್ನ ಮನೆಯವಳು ನಿಮಗೆ ವಂದನೆ ಹೇಳಿದ್ದಾಳೆ. ಬೆಳಗಿನ ಒಳ್ಳೆಯ ದಿನಗಣಕದ ಒಂದು ನಕಲನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟಿದೆ. ಮುಕ್ತ ತಂತ್ರಾಂಶವಾದ್ದರಿಂದ ಅದಕ್ಕೆ ಹಕ್ಕಿದೆ. ಬಳಕೆದಾರರೆಲ್ಲ ಆಗಲೇ ಅಲ್ಲಿಗೆ ಹೋದರು. ನೀವೂ ಹೋಗಿ.' ಕೆಳಗೆ ವಿಳಾಸವಿತ್ತು.

ಹೀಗೆ ಮುಕ್ತಕಂಠನೆಂಬ ಮಹಾ ಹೋರಾಟಗಾರ, ನಿರ್ದೇಶಕರು ಹಿಂದೆ ನಿಂತು ನೋಡುತ್ತಿದ್ದಂತೆ, ತನ್ನ ಕೈಯಾರೆ ದೈತ್ಯ ಕಂಪನಿಯ ವಿಳಾಸವನ್ನು ಗ್ರಂಥಾಲಯದ ಯಂತ್ರಕ್ಕೆ ಬರೆದುಕೊಟ್ಟ. ತಾರೀಖುಗಳು ಸರಿಯಾದವು. ಕೈತೋಟದ ಪುಸ್ತಕಕ್ಕೆ ಹದಿನೈದು ದಿನ ಸಿಕ್ಕಿತು. ನಿರ್ದೇಶಕರ ಮುಖ ಅರಳಿತು. ಮೇಡಂ ಇದೇ ಸಮಯವೆಂದು, ಹುಡುಗ ಹಂಗಾಮಿಯಾದರೂ ಎಷ್ಟು ಚುರುಕು ನೋಡಿ ಎಂದರು. ನಿರ್ದೇಶಕರು ಬ್ಯಾಗಿನಿಂದ ಕಾಗದ ತೆಗೆದು ಮೇಜಿನ ಮೇಲೆ ಹರಡಿದರು, ಪೆನ್ನಿನ ಮುಚ್ಚಳ ಬಿಚ್ಚಿದರು. ಆಗ ಅವರ ಫೋನಿಗೆ, ಅವರ ಸದಸ್ಯತ್ವ ರದ್ದಾದ ಸಂದೇಶ ಬಂತು.

ಯಂತ್ರ ಸರಿಯಾದರೂ, ಮೊದಲೇ ಬರೆದಿಟ್ಟಿದ್ದ ಸಂದೇಶಗಳು ಸಾಲಾಗಿ ಹೊರಡುತ್ತಲೇ ಇದ್ದವು. ಇನ್ನೂ ಎರಡು ಸಾವಿರ ಬಾಕಿ. ನಿರ್ದೇಶಕರು ಸಿಟ್ಟಾಗಲಿಲ್ಲ. ಕಂಪನಿಗೆ ಸಹಾಯವಾಣಿ ಇರುತ್ತದಲ್ಲ, ಕೇಳಿ ನಿಲ್ಲಿಸಿ, ನಿಂತ ಕೂಡಲೇ ಸಹಿ ಹಾಕುತ್ತೇನೆ ಎಂದು ಪೆನ್ನು ಹಿಡಿದೇ ಕೂತರು. ಮೇಡಂ ಮೇಜಿನ ಮೇಲಿನ ಫೋನನ್ನು ಎಲ್ಲರಿಗೂ ಕೇಳುವಂತಿಟ್ಟು ನಂಬರ್ ಒತ್ತಿದರು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಂದು ಹೆಣ್ಣು ದನಿ ಬಂತು. ಎಲ್ಲ ಕೇಳಿಸಿಕೊಂಡು ಬಹಳ ವಿನಯದಿಂದ ಮಾತಾಡಿತು.

"ಮೇಡಂ, ನಮ್ಮದು ಬರೀ ನಕಲು. ದಿನ ತಪ್ಪಾಗಿ ಎಣಿಸಿದ್ದು ಮೂಲ ದಿನಗಣಕ. ಅದರ ಬಗ್ಗೆ ಏನೇ ದೂರಿದ್ರೂ ಅದರ ಯಜಮಾನರನ್ನೇ ಕೇಳ್ಬೇಕು. ಇನ್ಮೇಲೆ ಎಲ್ಲರನ್ನೂ ಅವರ ಹತ್ರಾನೇ ಕಳಿಸಿ ಅಂತ ನಮಗೆ ಈಗಷ್ಟೇ ಹೇಳಿದ್ದಾರೆ. ನಂಬರ್ ಬರ್ಕೊಳ್ಳಿ."

ಮೇಡಂ ಒಂದೊಂದೇ ಅಂಕಿ ಬರೆದುಕೊಂಡರು. ಐದನೆಯ ಅಂಕಿಗೆ ಮುಕ್ತಕಂಠ ಜೇಬು ಮುಟ್ಟಿ ನೋಡಿಕೊಂಡ. ಆರನೆಯದಕ್ಕೆ, ತಾನೇ ಮನೆಗೆ ಹೋಗಿ ಮಾತಾಡುತ್ತೇನೆ, ಮೇಡಂಗೆ ಯಾಕೆ ತೊಂದರೆ ಎಂದ. ತೊಂದರೆ ಏನಿಲ್ಲ ಎಂದು ಮೇಡಂ ಆಗಲೇ ಒತ್ತತೊಡಗಿದ್ದರು. ಸಾಲಿನಲ್ಲಿದ್ದ ಮೇಷ್ಟ್ರು, ಅಂಥ ಬೇಜವಾಬ್ದಾರಿ ಮನುಷ್ಯನಿಗೆ ತನ್ನ ಪರವಾಗಿಯೂ ಎರಡು ಮಾತು ಹೇಳಬೇಕೆಂದು ಮುಂದಕ್ಕೆ ಬಂದರು.

ಅವನ ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

ಮೇಡಂ ರಿಸೀವರ್ ಇಟ್ಟರು. ಜೇಬು ಸುಮ್ಮನಾಯಿತು. ಮತ್ತೆ ಒತ್ತಿದರು. ಜೇಬು ಮತ್ತೆ ಹೊಡೆದುಕೊಂಡಿತು. ನಿರ್ದೇಶಕರು ಪೆನ್ನಿಗೆ ಮುಚ್ಚಳ ಹಾಕಿ, ಕಾಗದವನ್ನು ನಾಲ್ಕಾಗಿ ಮಡಿಸಿ ಬ್ಯಾಗಿಗೆ ಸೇರಿಸಿದರು.

"ಎತ್ತಿ ಯಜಮಾನ್ರೇ," ಅಂದರು ಮೆತ್ತಗೆ. "ಪಾಪ, ಮೇಡಂ ಕಾಯ್ತಾ ಇದ್ದಾರೆ."