ಮುದಿ ಪ್ರೊಸೆಸರಿನ ಕಿವಿ ಹಿಂಡಿದ್ದು

ಇದ್ದದ್ದನ್ನು ಇದ್ದ ಹಾಗೆ ಬಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ. ಅಂತರಸನಹಳ್ಳಿಯಲ್ಲಿ ನಲವತ್ತು ವರ್ಷ, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಕೆಲಸ ಮಾಡಿದವನು ನಾನು. ನನಗೆ ಅನ್ನ ಹಾಕಿದ್ದೇ ಸುಟ್ಟ ವಾಸನೆ. ಯಾವುದಕ್ಕೂ ಸುಲಭವಾಗಿ ಬೆರಗಾಗುವವನಲ್ಲ. ಈ ಸಲ ಆದೆ.

೧. ಮುನ್ನೂರು ಕೋಟಿ

ಮೊಮ್ಮಗಳು ಕಾಲೇಜಿಗೆ ಎರಡು ನಿಮಿಷದ ಆನಿಮೇಷನ್ ಚಿತ್ರ ಒಪ್ಪಿಸಬೇಕಿತ್ತು. ಒಪ್ಪಿಸದಿದ್ದರೆ ಒಂದು ವರ್ಷ ಹೋಯಿತು. ಇದ್ದದ್ದು ಗುಬ್ಬಿಯಲ್ಲಿ ಬಾಗಿಲು ಮುಚ್ಚಿದ ಕಂಪ್ಯೂಟರ್ ಸೆಂಟರಿನಿಂದ ತಂದ ಹಳೇ ಡೆಸ್ಕ್‌ಟಾಪ್. ಚಿತ್ರ ತಯಾರಿಸಲು ಅದು ಆರು ದಿನ ಕೇಳಿತು. ಉಳಿದದ್ದು ಐದು. ನಡುವೆ ನಿಂತರೆ ಮತ್ತೆ ಮೊದಲಿನಿಂದ.

"ಓವರ್‌ಕ್ಲಾಕ್ ಮಾಡ್ತೀನಿ ತಾತ" ಅಂದಳು. ಕಂಪನಿ ಹೇಳಿದ್ದಕ್ಕಿಂತ ಜೋರಾಗಿ ಪ್ರೊಸೆಸರನ್ನು ಓಡಿಸುವುದಂತೆ.

"ಸುಟ್ಟರೆ?"

"ಸುಮ್ನೆ ಕೂತ್ರೂ ನನ್ ವರ್ಷ ಸುಡುತ್ತಲ್ಲ?"

ಈಗೆಷ್ಟು ಓಡುತ್ತಿದೆ ಎಂದೆ. ಸೆಕೆಂಡಿಗೆ ಮುನ್ನೂರು ಕೋಟಿ ಬಡಿತ ಅಂದಳು. ನನ್ನ ಮೋಟಾರುಗಳು ನಿಮಿಷಕ್ಕೆ ಸಾವಿರದ ನಾನೂರು ಸುತ್ತು ತಿರುಗಿದರೆ ನಾನು ಮೀಸೆ ತಿರುವುತ್ತಿದ್ದೆ. ಕುರ್ಚಿ ಎಳೆದು ಕೂತೆ. ಹೆಂಡತಿಗೂ ಹೇಳಿದೆ. ಅವಳಂದಳು,

"ಅದು ಸೆಕೆಂಡಿಗೆ ಮುನ್ನೂರು ಕೋಟಿ ಕೆಲ್ಸ ಮಾಡುತ್ತೆ. ನಿಮಗೆ ಗ್ಯಾಸ್ ಬುಕ್ ಮಾಡಿ ಅಂತ ಮೂರ್ ದಿನದಿಂದ ಹೇಳ್ತಿದೀನಿ."

೨. ಗವರ್ನರ್

ಪಕ್ಕದ ಮನೆಯಾತ ಕುಣಿಗಲ್ ರೂಟಿನಲ್ಲಿ ಬಸ್ ಓಡಿಸಿ ನಿವೃತ್ತನಾದ ಡ್ರೈವರ್. ವಿಷಯ ಕೇಳಿ ತಲೆಯಾಡಿಸಿದ.

"ಅಂದ್ರೆ ಗವರ್ನರ್ ಕಿತ್ತಾಕದು. ಸ್ಪೀಡ್ ಹೋಗ್ದಂಗೆ ಕಟ್ಟಾಕಿರ್ತಾರಲ್ಲ, ಅದು. ನಾನೂ ಒಂದ್ಸಲ ಕಿತ್ತಿದ್ದೆ. ಕುಣಿಗಲ್‌ಗೆ ಹತ್ತು ನಿಮಿಷ ಮುಂಚೆ ಹೋದೆ."

"ಆಮೇಲೆ?"

"ಬಸ್ಸು ಹತ್ತು ದಿನ ಲೇಟಾಗಿ ಬಂತು."

೩. ಬೊಟ್ಟಿನಷ್ಟು ಬ್ಯಾಟರಿ

ಮೊದಲ ಸಲ ಒಮ್ಮೆಲೇ ನಾನೂರು ಕೋಟಿಗೆ ಏರಿಸಿದಳು. ಪರದೆ ಕಪ್ಪಾಯಿತು. ಗುಂಡಿ ಒತ್ತಿದರೂ ಏಳಲಿಲ್ಲ. ಸತ್ತಿತು ಎಂದುಕೊಂಡೆ. ಅವಳು ಕ್ಯಾಬಿನೆಟ್ ಬಿಚ್ಚಿ, ಹಣೆಬೊಟ್ಟಿನಷ್ಟು ದುಂಡನೆಯ ಬ್ಯಾಟರಿ ಒಂದನ್ನು ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದಳು. ತನಗೆ ಮಾಡಿದ್ದನ್ನೆಲ್ಲ ಮರೆತು ಕಂಪ್ಯೂಟರ್ ಎದ್ದು ಕೂತಿತು. ಕೈ ಮುಗಿಯಬೇಕು ಅನ್ನಿಸಿತು.

ಹೆಂಡತಿ ನನ್ನನ್ನೇ ನೋಡುತ್ತಿದ್ದಳು. "ಇವ್ರಿಗೂ ಅಂಥದ್ದೊಂದು ಎಲ್ಲಾದ್ರೂ ಇದೆಯಾ ನೋಡು ಪುಟ್ಟಿ. ನಮ್ಮಣ್ಣ ಮದುವೇಲಿ ವಾಚ್ ಕೊಡ್ಲಿಲ್ಲ ಅನ್ನೋದು ಇನ್ನೂ ಮರ್ತಿಲ್ಲ."

೪. ರಾಗಿ

ಸ್ವಲ್ಪಸ್ವಲ್ಪವೇ ಏರಿಸಿ ಮುನ್ನೂರ ಎಂಬತ್ತು ಕೋಟಿಗೆ ನಿಲ್ಲಿಸಿದಳು. ಓಡಿತು. ಆದರೆ ಬಿಸಿ ತೊಂಬತ್ತು ಡಿಗ್ರಿ. ಹೆಚ್ಚಾದರೆ ತಾನೇ ಆಫ್ ಆಗುತ್ತದೆ, ಇಲ್ಲವೇ ಸುಡುತ್ತದೆ ಅಂದಳು. ಇದು ನನ್ನ ವಿಷಯ. ನಾನೇ ಸುತ್ತಿದ, ಗಾಳಿ ಊದುವ ಹಳೇ ಬ್ಲೋವರ್ ತಂದು, ತಗಡಿನ ಮೂತಿ ಕಟ್ಟಿ, ವೇಗ ಹಿಡಿದಿಡುವ ರೆಗ್ಯುಲೇಟರ್ ಹಾಕಿ ಇಟ್ಟೆ. ಎಪ್ಪತ್ತೆರಡಕ್ಕೆ ಇಳಿಯಿತು.

"ನಾನು ಸುತ್ತಿದ್ದು ಒಂದೂ ವಾಪಸ್ ಬಂದಿಲ್ಲ" ಅಂದೆ.

ಬ್ಲೋವರಿನ ಸದ್ದು ನಮ್ಮ ಬಡಾವಣೆ ಉಪ್ಪಾರಹಳ್ಳಿಗೆಲ್ಲ ಕೇಳುತ್ತಿತ್ತು. ಮಧ್ಯಾಹ್ನ ಒಬ್ಬ ಹೆಂಗಸು ಬಾಗಿಲಲ್ಲಿ ಚೀಲ ಇಳಿಸಿದಳು. "ಮಿಲ್ಲು ಯಾವಾಗ ಹಾಕುಸ್ದ್ರಿ? ಐದ್ ಕೆ.ಜಿ. ರಾಗಿ ಐತೆ, ನುಣ್ಣಗೆ ಮಾಡ್ಕೊಡಿ."

೫. ವಾಸನೆ

ಕೊನೆಯ ದಿನ ಬೆಳಿಗ್ಗೆ. ಚಿತ್ರ ನೂರಕ್ಕೆ ತೊಂಬತ್ತೆಂಟು ಭಾಗ ಮುಗಿದಿತ್ತು. ನನ್ನ ಮೂಗಿಗೆ ಸುಟ್ಟ ವಾಸನೆ ಬಡಿಯಿತು.

"ಹೋಯ್ತು! ಪ್ರೊಸೆಸರ್ ಹೋಯ್ತು!" ಎಂದು ಪ್ಲಗ್ಗಿಗೆ ಕೈ ಹಾಕಿದೆ.

ಮೊಮ್ಮಗಳು ಕೈ ಹಿಡಿದಳು. "ತಾತ, ಮುಟ್ಬೇಡ! ಅದು ಓಡ್ತಿದೆ!"

ನಿಜ, ಓಡುತ್ತಿತ್ತು. ನಿಂತದ್ದು ಬ್ಲೋವರ್. ಹೊಗೆ ಅದರದ್ದು.

ಬಿಸಿ ಏರತೊಡಗಿತು. ಎಂಬತ್ತು. ಎಂಬತ್ತೇಳು. ಹೆಂಡತಿ ಮೊರ ತಂದು ಬೀಸಿದಳು. ಹೊಗೆ ಕಂಡು ಓಡಿ ಬಂದ ಡ್ರೈವರ್ ಟವೆಲ್ ಬೀಸಿದ. ನಾನು ಪೇಪರ್ ಬೀಸಿದೆ. ಬಿಸಿ ತೊಂಬತ್ತಾರಕ್ಕೆ ಬಂದು ನಿಂತಿತು. ಎರಡು ಗಂಟೆ ಕೈ ಬದಲಿಸಿ ಬದಲಿಸಿ ಬೀಸಿದೆವು. ಕೆಲಸ ನೂರಕ್ಕೆ ನೂರಾಯಿತು. ಚಿತ್ರ ಮುಗಿಯಿತು. ಅವಳು ವೇಗವನ್ನು ಮತ್ತೆ ಮುನ್ನೂರಕ್ಕೆ ಇಳಿಸಿದಳು. ಆ ಉಗುರಗಲದ ಮುದಿ ಜೀವ ಸೋಲಲಿಲ್ಲ.

ಅವಳು ಬ್ಲೋವರನ್ನು ಎತ್ತಿ ನೋಡಿದಳು. "ತಾತ, ಇದರ ರೆಗ್ಯುಲೇಟರ್ ಎಲ್ಲಿ?"

ಇನ್ನಷ್ಟು ಗಾಳಿ ಬರಲಿ ಎಂದು ಹಿಂದಿನ ದಿನ ಅದನ್ನು ತೆಗೆದು ನೇರವಾಗಿ ಕರೆಂಟ್ ಕೊಟ್ಟಿದ್ದೆ. ಕೈಯಲ್ಲಿದ್ದ ಪೇಪರ್ ಮಡಚತೊಡಗಿದೆ.

ಡ್ರೈವರ್ ಬಗ್ಗಿ ನೋಡಿದ. "ಗವರ್ನರ್ ಕಿತ್ತಾಕವ್ರೆ ಕಣವ್ವ."

ಮೂವರೂ ಇವತ್ತಿಗೂ ನಗುತ್ತಾರೆ. ಇವರ ಬ್ಯಾಟರಿ ಎಲ್ಲಿದೆ ಎಂದು ನಾನು ಹುಡುಕುತ್ತಿದ್ದೇನೆ.