ನಮ್ಮ ಲಿಂಬೆ ಗಿಡದಲ್ಲಿ ನಾಗದರ್ಶನ

ಡೊಂಬಿವಲಿಯ ನಮ್ಮ ಮನೆಯಲ್ಲಿ ಖಾತೆ ಹಂಚಿಕೆಯಾಗಿ ಬಹಳ ಕಾಲವಾಯಿತು. ಗೃಹ, ಹಣಕಾಸು, ಆಹಾರ, ನೆಂಟರಿಷ್ಟರೊಡನೆ ನಡೆಸಬೇಕಾದ ವಿದೇಶಾಂಗ ವ್ಯವಹಾರ, ಎಲ್ಲವೂ ನನ್ನ ಹೆಂಡತಿ ಜಯಲತಾಳ ಕೈಯಲ್ಲಿವೆ. ಠಾಣೆ ಶಹರದ ಕಂಪನಿಯಿಂದ ನಿವೃತ್ತನಾಗಿ ಮನೆಗೆ ಬಂದ ಬಡ ಜಯಶೀಲನಿಗೆ, ಅಂದರೆ ನನಗೆ, ಉಳಿದದ್ದು ಹಿತ್ತಿಲ ಲಿಂಬೆ ಗಿಡ ಒಂದೇ. ಅದನ್ನೂ ಕೇಳಿ ಪಡೆದದ್ದು. (ಹಿತ್ತಿಲು ಎಂದ ಕೂಡಲೇ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ನೆಲಮಹಡಿಯ ನಮ್ಮ ಅಡುಗೆಮನೆಗೂ ಸೊಸೈಟಿಯ ಕಂಪೌಂಡ್ ಗೋಡೆಗೂ ನಡುವೆ, ಎರಡು ಮಂಚ ಹಾಕಿದರೆ ತುಂಬಿಹೋಗುವಷ್ಟು ಮಣ್ಣು.)

ಆ ಗಿಡದ ವಿಷಯದಲ್ಲಿ ಮಾತ್ರ ನಾನು ತಮಾಷೆ ಮಾಡುವುದಿಲ್ಲ. ಬ್ರಹ್ಮಾವರದಲ್ಲಿ ಅತ್ತೆಯ ಮನೆ ಮುಂದಿದ್ದ ಲಿಂಬೆ ಮರದ ಬೀಜ ಅದು. ರಸ್ತೆ ಅಗಲ ಮಾಡುವಾಗ ಆ ಮರ ಹೋಯಿತು, ಸ್ವಲ್ಪ ಕಾಲಕ್ಕೆ ಅತ್ತೆಯೂ ಹೋದರು. ಅವರದ್ದೆಂದು ಜೀವ ಇಟ್ಟುಕೊಂಡು ಉಳಿದದ್ದು ಈ ಗಿಡವೊಂದೇ. ಜಯಲತಾ ಅದಕ್ಕೆ ನೀರು ಹಾಕುವಾಗ ಮಾತಾಡುವುದಿಲ್ಲ. ನಮ್ಮ ಮನೆಯಲ್ಲಿ ಅವಳು ಮಾತಾಡದೆ ಮಾಡುವ ಕೆಲಸ ಬೇರೆ ಯಾವುದೂ ಇಲ್ಲ. ವರ್ಷಗಟ್ಟಲೆ ಬರೀ ಮುಳ್ಳು ಬಿಟ್ಟಿದ್ದ ಗಿಡ ಈ ಸಲ ಹೂ ಬಿಟ್ಟು, ಕಡಲೆಕಾಳಿನಷ್ಟು ಮಿಡಿ ಕಚ್ಚಿತ್ತು. ಅಮ್ಮನ ಹಾಗೆ ಉಪ್ಪಿನಕಾಯಿ ಹಾಕುತ್ತೇನೆ ಎಂದು ಅವಳು ಎಲ್ಲರಿಗೂ ಫೋನ್ ಮಾಡಿಯಾಗಿತ್ತು.

ನಾನು ಅಧಿಕಾರ ವಹಿಸಿಕೊಂಡ ಮುಹೂರ್ತ ಸರಿಯಿರಲಿಲ್ಲ. ಎಳೆ ಎಲೆಗಳು ಮುದುಡಿದವು. ಎಲೆಗಳೊಳಗೆ ಬೆಳ್ಳಿಯ ಗೆರೆಗಳು ಅಂಕುಡೊಂಕಾಗಿ ಹರಿದವು. ಕೊಂಬೆಯ ಸಂದಿಯಲ್ಲಿ ಹತ್ತಿಯಂಥ ಬಿಳಿ ತಿಗಣೆ ಕೂತಿತು. ಅಲ್ಲಲ್ಲಿ ಎಲೆಯ ಮೇಲೆ ಕಂದು ಬಿಳಿ ಬಣ್ಣದ ಹಕ್ಕಿ ಹಿಕ್ಕೆಯೂ ಇತ್ತು. ಜಯಲತಾ ಚೊಂಬಿನಲ್ಲಿ ನೀರು ಹಿಡಿದು ಬಂದಳು.

"ಇದನ್ನೊಮ್ಮೆ ತೆಗೆದು ತೊಳೀತೇನೆ," ಎಂದಳು.

"ಮುಟ್ಟಬೇಡ. ಹಕ್ಕಿಯ ಹಿಕ್ಕೆ ಅತ್ಯುತ್ತಮ ಸಾವಯವ ಗೊಬ್ಬರ," ಎಂದೆ.

ಅವಳು ನನ್ನನ್ನೂ ಎಲೆಯನ್ನೂ ನೋಡಿದಳು. "ಸರಿ. ನಿಮ್ಮ ಖಾತೆ," ಎಂದು ಒಳಗೆ ಹೋದಳು. ಕೆಲವೇ ದಿನಗಳಲ್ಲಿ ಹಿಕ್ಕೆಗಳೆಲ್ಲ ಮಾಯವಾದವು. ಗೊಬ್ಬರ ಗಿಡಕ್ಕೆ ಇಳಿಯಿತೆಂದು ನಾನು ಸಂತೋಷಪಟ್ಟೆ. ಎಲೆಗಳೂ ಮಾಯವಾಗತೊಡಗಿದ್ದನ್ನು ಗಮನಿಸಿದವರು ನಮ್ಮ ಮೇಲಿನ ಮನೆಯ ಮಲ್ಲಿಕಾ. ಆಕೆ ಕಲಬುರಗಿಯವರು. ಆಕೆಯ ಗಂಡ ಅಂಬಾದಾಸರು ನಮ್ಮ ಸೊಸೈಟಿಯ ಸೆಕ್ರೆಟರಿ. ಗಿಡದ ತುದಿ ಅವರ ಕಿಟಕಿಯ ಗ್ರಿಲ್ ಮುಟ್ಟುತ್ತದೆ.

"ಕಾಕಾ, ನಿಮ್ಮ ಗಿಡದಾಗಿನ ಹುಳಾ ನನ್ನ ಸೀರಿ ಮ್ಯಾಲ ಹರದಾಡ್ಲಕತ್ತಾವ್ ನೋಡ್ರಿ," ಎಂದು ಆಕೆ ಮೇಲಿನಿಂದ ಹೇಳಿದರು.

ಅಂಬಾದಾಸರು ಕೆಳಗಿಳಿದೇ ಬಂದರು. "ಕಾಕಾ, ರವಿವಾರ ಮೀಟಿಂಗ್ ಅದ. ಅಷ್ಟರಾಗ ಹುಳಾ ಹೋಗಬೇಕು. ಇಲ್ಲಾಂದ್ರ ಗಿಡಾ ಕಡಸೂದು ಅಂತ ಠರಾವ ಪಾಸ್ ಮಾಡ್ತೀವಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಅವರು ಹೋದ ಮೇಲೆ ಜಯಲತಾ ಬಾಗಿಲಿಗೆ ಬಂದು ನಿಂತಳು. ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ. "ಅಮ್ಮನದ್ದು ಅಂತ ಇನ್ನೆಂತ ಉಂಟು ಹೇಳಿ ನನಗೆ," ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಶನಿವಾರ ಕಲ್ಯಾಣದ ಮಾರ್ಕೆಟ್ಟಿಗೆ ಹೋಗಿ ಬೇವಿನೆಣ್ಣೆಯನ್ನೂ ಕೈಪಂಪನ್ನೂ ತಂದೆ. ರೇನ್‌ಕೋಟ್ ಹಾಕಿ, ಸ್ಕೂಟರಿನ ಹೆಲ್ಮೆಟ್ ಧರಿಸಿ, ಮೂಗಿಗೆ ಬಟ್ಟೆ ಕಟ್ಟಿ ಸಮರಕ್ಕೆ ಸನ್ನದ್ಧನಾದೆ. (ಗಾಜಿಗೆ ಮಂಜು ಹಿಡಿದು ಏನೂ ಕಾಣುತ್ತಿರಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ, ನನ್ನ ಪರವಾಗಿ ಇರುವ ಸಾಕ್ಷ್ಯ ಇದೊಂದೇ.) ಕೊಂಬೆಯನ್ನು ಬಗ್ಗಿಸಿ ಮುಖವನ್ನು ಹತ್ತಿರ ತಂದೆ. ಎದುರಿಗೆ ಒಂದು ಹಸಿರು ಹೆಡೆ. ಹೆಡೆಯ ಮೇಲೆ ಎರಡು ಕಪ್ಪು ಕಣ್ಣು. ಅದು ತಲೆಯೆತ್ತಿ, ಸೀಳಿದ ಕೆಂಪು ನಾಲಗೆಯನ್ನು ಚಾಚಿ, ಎಂಥದೋ ವಾಸನೆ ಬಿಟ್ಟಿತು. ಪಂಪು ಒಂದು ಕಡೆ, ನಾನು ಒಂದು ಕಡೆ ಬಿದ್ದೆವು.

ಉಡುಪಿ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. ನಾವು ಯಾರಿಗೆ ಹೆದರದಿದ್ದರೂ ನಾಗನಿಗೆ ಹೆದರುತ್ತೇವೆ. ನಾಗನಿರುವಲ್ಲಿ ಮದ್ದು ಹೊಡೆಯುವುದಿರಲಿ, ಉಗುಳಲಿಕ್ಕೂ ಇಲ್ಲ. ನಾನು ನೆಲದ ಮೇಲಿಂದಲೇ ಕೈ ಮುಗಿದೆ.

"ಹೆಡೆ ಕಂಡದ್ದು ಹೌದಾ?" ಎಂದಳು ಓಡಿಬಂದ ಜಯಲತಾ.

"ಹೌದು."

"ನಾಲಗೆ?"

"ಕೆಂಪು. ಸೀಳು ನಾಲಗೆ."

ಅವಳು ಗಿಡದ ಹತ್ತಿರ ಹೋಗಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಭುಜ ನಡುಗುತ್ತಿತ್ತು. ಭಕ್ತಿ ಉಕ್ಕಿ ಬಂದಿದೆ ಎಂದು ತಿಳಿದು ನಾನೂ ಇನ್ನೊಮ್ಮೆ ಕೈ ಮುಗಿದೆ.

"ಹಾಗಾದ್ರೆ ಇನ್ನು ನೀವು ಗಿಡದ ಹತ್ರ ಬರ್ಬೇಡಿ," ಎಂದಳು. "ಕಂಡದ್ದನ್ನು ಕಂಡ ಹಾಗೆ ನಾಳೆ ಮೀಟಿಂಗಿನಲ್ಲಿ ಹೇಳಿ. ಇಲ್ಲಿಯದ್ದು ನಾನು ನೋಡ್ಕೊಳ್ತೇನೆ."

ಹೀಗೆ ಇದ್ದ ಒಂದೇ ಖಾತೆಯೂ ಹೋಯಿತು. ಆದರೆ ಭಾನುವಾರದ ಮೀಟಿಂಗಿನಲ್ಲಿ ನನಗೆ ದೊರೆತ ಗೌರವ ಮೂವತ್ತು ವರ್ಷದ ನೌಕರಿಯಲ್ಲಿ ದೊರೆತಿರಲಿಲ್ಲ. ನಾನು ಎದ್ದು ನಿಂತು ಗಂಭೀರವಾಗಿ ಹೇಳಿದೆ. ಹೇಳುವಾಗ ಬೆರಳಿನಷ್ಟಿದ್ದದ್ದು ಮೊಳವಾಯಿತು. ಹಿಂದೆ ಕೂತವರು ಕೇಳಿಸಲಿಲ್ಲ ಎಂದದ್ದಕ್ಕೆ ಮತ್ತೊಮ್ಮೆ ಹೇಳಿದೆ, ಮಾರುದ್ದವಾಯಿತು. ಯಾರೋ ಅದು ನಿಮಗೇನಾದರೂ ಮಾಡಿತೇ ಎಂದು ಕೇಳಿದರು. "ಇಲ್ಲ, ಗುರುತು ಹಿಡಿದವರ ಹಾಗೆ ನೋಡಿತು," ಎಂದೆ. ಈ ವಾಕ್ಯ ಎಲ್ಲಿಂದ ಬಂತೋ ನನಗೆ ಇಂದಿಗೂ ಗೊತ್ತಿಲ್ಲ.

ಅಂಬಾದಾಸರು ಎರಡೂ ಕೆನ್ನೆ ಬಡಿದುಕೊಂಡರು. "ನಾಗಪ್ಪ ಇದ್ದ ಗಿಡಾ ಯಾರ್ ಕಡೀತಾರ್ರಿ. ವಂಶಾ ಉಳಿಬೇಕಲ್ಲ," ಎಂದು ಠರಾವು ಹಿಂದೆ ತೆಗೆದುಕೊಂಡರು.

ಅಂದಿನಿಂದ ಜಯಲತಾ ಬೆಳಿಗ್ಗೆ ಮಿಂದು, ಒಂದು ಕೈಯಲ್ಲಿ ದೀಪ, ಇನ್ನೊಂದು ಕೈಯಲ್ಲಿ ಕಲಶ ಹಿಡಿದು ಗಿಡದ ಬಳಿ ಹೋಗುತ್ತಿದ್ದಳು. ಎಲೆ ಎಲೆಗೂ ತೀರ್ಥ ಪ್ರೋಕ್ಷಣೆ ಮಾಡುತ್ತಿದ್ದಳು. ಮಲ್ಲಿಕಾ ಮೇಲಿನಿಂದಲೇ ಕೈ ಮುಗಿಯುತ್ತಿದ್ದರು. ಒಂದು ದಿನ ಜಯಲತಾ ಕಲಶವನ್ನು ಮೆಟ್ಟಿಲ ಮೇಲೆ ಇಟ್ಟು ದೀಪಕ್ಕೆ ಎಣ್ಣೆ ತರಲು ಒಳಗೆ ಹೋದಾಗ, ನಾನೇ ಒಂದಿಷ್ಟು ತೀರ್ಥ ಕುಡಿದೆ. ಬಹಳ ಕಹಿಯಾಗಿತ್ತು. ನನ್ನ ಭಕ್ತಿ ಸಾಲದು ಎಂದು ಇನ್ನೊಮ್ಮೆ ಕುಡಿದೆ.

ಶನಿವಾರ ನಮ್ಮ ಮಗಳು ಅನುಷ್ಕಾ ಹಾಸ್ಟೆಲಿನಿಂದ ಬಂದಳು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ. ನಾನು ಕನ್ನಡದಲ್ಲಿ ಏನು ಹೇಳಿದರೂ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ. ನಾಗದರ್ಶನದ ಕಥೆಯನ್ನು ಪೂರ್ತಿ ಕೇಳಿ ಮೊಬೈಲಿನಲ್ಲಿ ಏನೋ ಹುಡುಕಿ ನನ್ನ ಮುಂದೆ ಹಿಡಿದಳು. ಅದೇ ಹಸಿರು ಹೆಡೆ. ಅದೇ ಕಣ್ಣು. ಅದೇ ಕೆಂಪು ನಾಲಗೆ.

"ಪಪ್ಪಾ, ಯೇ ತೋ ಇಲ್ಲಿ ಹೈ. ತಿತ್‌ಲಿ ಬನ್‌ತೀ ಹೈ ಇಸ್‌ಸೇ," ಎಂದಳು.

ಹಿಂದಿಯ ‘ಇಲ್ಲಿ’ ಅಂದರೆ ಹುಳ. ಚಿಟ್ಟೆಯಾಗುವ ಹುಳ. ಅದರ ಮರಿಗಳ ಚಿತ್ರವೂ ಕೆಳಗಿತ್ತು. ನೋಡಲು ಥೇಟ್ ಹಕ್ಕಿಯ ಹಿಕ್ಕೆ.

ಆ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಹುಳವನ್ನು ಗೊಬ್ಬರವೆಂದು ಸಾಕಿದವನು ನಾನು. ಅದನ್ನು ದೇವರೆಂದು ಹೇಳಿ ಮದ್ದನ್ನು ತಡೆದವನೂ ನಾನು. ಒಂದು ವಾರದಲ್ಲಿ ಅವು ಗಿಡವನ್ನು ಕಡ್ಡಿ ಮಾಡಿರಬೇಕು. ಜಯಲತಾಳ ಮುಖ ನೆನೆದು ನಿಜಕ್ಕೂ ಅಳು ಬಂತು. ಹಿತ್ತಿಲಿಗೆ ಹೋಗಿ ನೋಡಿದರೆ ಗಿಡದಲ್ಲಿ ಒಂದು ಹುಳವೂ ಇಲ್ಲ, ಬಿಳಿ ತಿಗಣೆಯೂ ಇಲ್ಲ. ಹೊಸ ಚಿಗುರು ಬಂದಿತ್ತು. ಮಿಡಿಗಳು ಗೋಲಿಯಷ್ಟಾಗಿದ್ದವು. ಜಯಲತಾ ಅಲ್ಲೇ ಕೂತು ಕಲಶ ತೊಳೆಯುತ್ತಿದ್ದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ.

"ಗೊತ್ತುಂಟು," ಎಂದಳು. "ಅಮ್ಮ ದಿನಾ ಬೆಳಿಗ್ಗೆ ಕೈಯಲ್ಲೇ ಹೆಕ್ಕಿ ತೆಗೀತಿದ್ರು. ನೀವು ನಾಲಗೆ ಅಂದ್ರಲ್ಲ, ಅದರ ಆ ಕೆಂಪು ಕೊಂಬು ನೋಡಿಯೇ ದೊಡ್ಡವಳಾದದ್ದು ನಾನು."

"ಹಾಗಾದರೆ ನೀನು ಮಾಡಿದ ಪೂಜೆ?"

"ಗಿಡಕ್ಕೆ ದೀಪ ಇಟ್ಟೆ. ಅದರಲ್ಲಿ ತಪ್ಪೆಂತ? ದೀಪ ಹಿಡಿದು ಹುಳ ಹೆಕ್ಕಿದೆ. ನಾಗ ಅಂದದ್ದು ನೀವು. ಹಾಗೆ ಹೇಳಿದ್ದಕ್ಕೆ ಸುಬ್ರಹ್ಮಣ್ಯನಿಗೆ ನಿಮ್ಮ ಹೆಸರಲ್ಲಿ ತಪ್ಪು ಕಾಣಿಕೆ ತೆಗೆದಿಟ್ಟಿದ್ದೇನೆ."

"ಕಲಶದಲ್ಲಿ ಇದ್ದದ್ದು?"

"ನೀವು ತಂದ ಬೇವಿನೆಣ್ಣೆ, ಸಾಬೂನಿನ ನೀರು. ಯಾಕೆ?"

ಯಾಕೆಂದು ನಾನು ಹೇಳಲಿಲ್ಲ. ಮೊದಲೇ ತಿಳಿಸಬಾರದಿತ್ತೇ ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ.

"ಹುಳ ಅಂತ ಗೊತ್ತಿದ್ರೆ ಮೀಟಿಂಗಿನಲ್ಲಿ ಅಷ್ಟು ಚಂದ ಮಾತಾಡ್ತಿದ್ರಾ ನೀವು?" ಎಂದಳು. ಅತ್ತೆ ಹೋದ ಮೇಲೆ ಅವಳು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಗಿಡ ಉಳಿಯಿತು, ಮರ್ಯಾದೆಯೂ ಉಳಿಯಿತು, ಇನ್ನೇನು ಬೇಕು ಎಂದು ನಾನೂ ನಕ್ಕೆ.

ಆಗಲೇ ವಾಚ್‌ಮನ್ ಸೈದಪ್ಪ ಏದುಸಿರು ಬಿಡುತ್ತ ಬಂದ. "ಕಾಕಾ, ಪಂಪ್ ರೂಮಿನ್ಯಾಗ ಹಾವು ಹೊಕ್ಕಾದ. ದೊಡ್ಡದು ಅದ. ಹಾವು ಹಿಡಿಯೋ ಸರ್ಪಮಿತ್ರಗ ಫೋನ್ ಹಚ್ಚಾಮಂದ್ರ ಸೆಕ್ರೆಟರಿ ಸಾಹೇಬ್ರು ಬ್ಯಾಡಂದ್ರು. ಅದು ನಿಮ್ಮ ಗಿಡದ ನಾಗಪ್ಪನೇ ಅಂತ. ನಿಮ್ಮ ಗುರ್ತು ಅದ ಅಲ್ರಿ ಅದಕ್ಕ. ನೀವು ಬಂದು ಹೇಳಿದ್ರ ಹೋಗ್ತದಂತ್ರಿ."

ಸತ್ಯ ಹೇಳಿಬಿಡುತ್ತೇನೆ ಎಂದು ಜಯಲತಾಳ ಕಿವಿಯಲ್ಲಿ ಪಿಸುಗುಟ್ಟಿದೆ.

"ಹೇಳಿ. ನಾಳೆ ರವಿವಾರ, ಮತ್ತೆ ಮೀಟಿಂಗ್ ಕರೆದು ಗಿಡ ಕಡಿಸ್ತಾರೆ," ಎಂದು ಅವಳೂ ಪಿಸುಗುಟ್ಟಿದಳು. ಗಿಡದ ಕಡೆ ಒಮ್ಮೆ ನೋಡಿದಳು. ಆಮೇಲೆ ಬಟ್ಟಲಲ್ಲಿ ಹಾಲು ತಂದು ನನ್ನ ಕೈಗೆ ಕೊಟ್ಟಳು. "ನಾನೇ ಸರ್ಪಮಿತ್ರನಿಗೆ ಫೋನ್ ಮಾಡ್ತೇನೆ. ಅವನು ಬರುವವರೆಗೆ ಬಾಗಿಲಲ್ಲಿ ನಿಂತು ಎಂತಾದ್ರೂ ಮಾತಾಡ್ತಾ ಇರಿ."

ಪಂಪ್ ರೂಮಿನ ಮುಂದೆ ಇಡೀ ಸೊಸೈಟಿ ಕಂಬಗಳ ಹಿಂದೆ ನಿಂತಿತ್ತು. ಅಂಬಾದಾಸರು ಚಪ್ಪಲಿ ಬಿಟ್ಟು ಕೈ ಮುಗಿದಿದ್ದರು. ನಾನು ಒಬ್ಬನೇ ಬಾಗಿಲಿಗೆ ಹೋದೆ. ಒಳಗೆ ಪೈಪಿನ ಮೇಲೆ ಏನೋ ನಿಧಾನವಾಗಿ ಬಿಚ್ಚಿಕೊಂಡು ತಲೆಯೆತ್ತಿತು. ಈ ಸಲ ಕಣ್ಣ ಮುಂದೆ ಮಂಜಿರಲಿಲ್ಲ. ಬಟ್ಟಲಿನ ಹಾಲೆಲ್ಲ ನನ್ನ ಪಾದದ ಮೇಲೆ ಇತ್ತು. ಹಿಂದಿನಿಂದ ಅಂಬಾದಾಸರು, "ಮಾತಾಡ್ರಿ ಕಾಕಾ, ನಿಮ್ಮನ್ನ ನೋಡ್ಲಕತ್ತಾದ," ಎಂದರು.

ಅವರಿಗೆ ತಿಳಿಯದಿರಲೆಂದು ನಾನು ತುಳುವಿನಲ್ಲಿ, ತುಟಿ ಅಲ್ಲಾಡಿಸದೆ ಬೇಡಿಕೊಂಡೆ: "ಸ್ವಾಮೀ, ನಾವಿಬ್ಬರೂ ಇದಕ್ಕೆ ಮೊದಲು ಭೇಟಿಯಾಗಿಲ್ಲ. ದಯವಿಟ್ಟು ಇವರೆದುರು ಅದನ್ನು ತೋರಿಸಿಕೊಡಬೇಡಿ."