ಬಾಟಲಿಯೊಳಗಿನ ನೆರೆಹೊರೆ

ಕಣ್ಣಿಗೆ ಕಾಣದ ಕಣಕಣದಲ್ಲಿಯೂ ಕಾವಲುಗಾರನನ್ನು ನಿಲ್ಲಿಸಿ, ತಾನು ಮಾತ್ರ ಯಾರಿಗೂ ಕಾಣದೆ ನಗುತ್ತಿರುವ ಜಗದೊಡೆಯನಿಗೆ ಮೊದಲು ಕೈಮುಗಿದು ಈ ಕತೆಯನ್ನು ಆರಂಭಿಸುತ್ತೇನೆ.

ಕೋಳಿಗಳ ಲಸಿಕೆ ತಯಾರಿಸುವ ಪ್ರಯೋಗಾಲಯದ ಒಬ್ಬ ತಂತ್ರಜ್ಞನಿಗೆ ಏನನ್ನೂ ಚೆಲ್ಲಲು ಮನಸ್ಸು ಬಾರದು. ಜೀವಕೋಶಗಳಿಗೆ ಉಣಿಸುವ ಗುಲಾಬಿ ಬಣ್ಣದ ದ್ರವವೋ ಬಲು ತುಟ್ಟಿ. ಆದುದರಿಂದ, ಬಿಸಿಯಿಂದ ಕೊಂದ ವೈರಸ್ಸನ್ನು ಕೋಶಗಳ ಜೊತೆ ಹಾಕಿಟ್ಟಿದ್ದ ಹಳೆಯ ಬಾಟಲಿಯ ದ್ರವವನ್ನು ಚರಂಡಿಗೆ ಸುರಿಯದೆ, ನಾಲ್ಕು ಹೊಸ ಬಾಟಲಿಗಳ ಕೋಶಗಳಿಗೆ ಉಣಿಸಿದ್ದ. ಮರುದಿನ ಅವುಗಳ ಮೇಲೆ ಜೀವಂತ ವೈರಸ್ಸನ್ನು ಬಿಟ್ಟಿದ್ದ.

ವೈರಸ್ ಬೆಳೆದಿದ್ದರೆ ಈ ಬೆಳಗ್ಗೆ ಆ ಕೋಶಗಳೆಲ್ಲ ಸತ್ತು ತೇಲಬೇಕಾಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಆಗಷ್ಟೇ ಮಿಂದು ಬಂದ ಬೀಗರಂತೆ ಹೊಳೆಯುತ್ತ ಒತ್ತೊತ್ತಾಗಿ ಕುಳಿತಿದ್ದವು!

ಅತ್ತೆಯ ಮನೆಯಲ್ಲಿದ್ದ ನಲವತ್ತು ದಿನದ ಮಗಳ ಮುಖವನ್ನು ಆತ ಇನ್ನೂ ನೋಡಿರಲಿಲ್ಲ. ಸಂಜೆ ಐದಕ್ಕೆ ರೈಲು. "ವೈರಸ್ ಬೆಳೆಸಿ ತೋರಿಸು, ರಜೆಗೆ ಸಹಿ ಹಾಕ್ತೀನಿ" ಎಂದು ಮುಖ್ಯಸ್ಥೆ ಖಡಾಖಂಡಿತವಾಗಿ ಹೇಳಿದ್ದರು.

"ಚೆನ್ನಾಗಿ ಕುಲುಕಿ ನೋಡಯ್ಯ" ಎಂದ ಉಗ್ರಾಣದವನು.

"ಕುಲುಕೋಕೆ ಅದೇನು ಕೆಮ್ಮಿನ ಔಷಧಿನಾ?" ಎಂದು ಗಾಜು ತೊಳೆಯುವ ಅಕ್ಕ ಅವನ ಬಾಯಿ ಮುಚ್ಚಿಸಿದಳು. "ಚಳಿಗೆ ಮುದುಡಿಕೊಂಡಿರುತ್ತೆ ಪಾಪ, ನಿನ್ನ ವೈರಸ್ಸು. ಸ್ವಲ್ಪ ಬೆಚ್ಚಗೆ ಮಾಡಪ್ಪ."

ದಿಕ್ಕುಗಾಣದವನು ಒಂದು ಬಾಟಲಿಯನ್ನು ಬಿಸಿನೀರಿನಲ್ಲಿಟ್ಟ. ಅರ್ಧ ಗಂಟೆಯಲ್ಲಿ ಕೋಶಗಳೆಲ್ಲ ನಿರ್ನಾಮ. "ಸತ್ತವು! ಸತ್ತವು!" ಎಂದು ಮೂವರೂ ಕುಣಿದರು.

ಮುಖ್ಯಸ್ಥೆ ಸೂಕ್ಷ್ಮದರ್ಶಕದಿಂದ ಕಣ್ಣೆತ್ತಿದರು. "ಇವು ವೈರಸ್ ಬಂದು ಸತ್ತಿಲ್ಲ, ಬೆಂದು ಸತ್ತಿವೆ. ಏನು ಮಾಡಿದೆ? ನಿಜ ಹೇಳು."

ಹಳೆಯ ದ್ರವದಿಂದ ಬಿಸಿನೀರಿನವರೆಗೆ ಎಲ್ಲವನ್ನೂ ಒಪ್ಪಿಕೊಂಡು ಆತ ತಲೆ ತಗ್ಗಿಸಿದ. ಆಕೆ ನಕ್ಕುಬಿಟ್ಟರು.

"ಅಯ್ಯೋ ಪುಣ್ಯಾತ್ಮ! ಸತ್ತ ವೈರಸ್ ಕಂಡ್ರೂ ಕೋಶ ಕೂಗೆಬ್ಬಿಸುತ್ತೆ. ಆ ಕೂಗೇ ಇಂಟರ್‌ಫೆರಾನ್ ಅನ್ನೋ ಪ್ರೋಟೀನು. ನಿನ್ನ ಹಳೇ ದ್ರವದ ತುಂಬ ಅದೇ ಇತ್ತು. ಅದು ತಾಗಿದ ಕೋಶಗಳು ಮೊದಲೇ ಸಜ್ಜಾಗಿರ್ತವೆ. ವೈರಸ್ ಒಳಗೆ ನುಗ್ಗಿದ್ರೂ ಬೇಳೆ ಬೇಯಲ್ಲ, ಮರಿ ಮಾಡೋಕೇ ಬಿಡಲ್ಲ. ಶತ್ರು ಬರೋಕೆ ಒಂದು ದಿನ ಮುಂಚೆ ನೀನೇ ಡಂಗುರ ಹೊಡೆದಿದ್ದೀಯ!"

"ಹಾಗಾದ್ರೆ... ರಜೆ, ಮೇಡಂ?"

"ಹೋಗು, ಮಗು ನೋಡ್ಕೊಂಡು ಬಾ. ಬಂದ್ಮೇಲೆ ಹೊಸ ದ್ರವದಲ್ಲಿ ಮತ್ತೆ ಮಾಡು." ಸಹಿ ಬಿತ್ತು.

ರೈಲು ನಿಲ್ದಾಣದಿಂದ ಆತ ಹಿಗ್ಗಿ ಫೋನು ಮಾಡಿದ. "ಅತ್ತೆ, ಹೊರಟೆ! ಬೆಳಗ್ಗಿಂದ ವೈರಸ್ ಜೊತೆ ಗುದ್ದಾಡಿ ಸಾಕಾಯ್ತು."

"ವೈರಸ್ಸಾ?" ಕೂಡಲೇ ಕಿವಿ ಗಡಚಿಕ್ಕುವ ಕೂಗು: "ಏ ಪಕ್ಕದ್ಮನೆಯವ್ರೇ! ನಮ್ಮ ಅಳಿಯಂದ್ರು ವೈರಸ್ ಮುಟ್ಟಿ ಬರ್ತಿದ್ದಾರಂತೆ!"

ಆ ಬೀದಿಯ ಬಾಗಿಲುಗಳು ಒಂದೊಂದಾಗಿ ದಡಾರೆಂದು ಮುಚ್ಚಿಕೊಳ್ಳುವುದು ಫೋನಿನಲ್ಲಿಯೇ ಕೇಳಿಸಿತು.

"ಅದು ಕೋಳಿಗಳದ್ದು, ಅತ್ತೆ!"

"ಹಾಗಾದ್ರೆ ಕೋಳಿಗಳ್ನೂ ಕರ್ಕೊಂಡು ಬರ್ಬೇಡಿ. ಹದಿನೈದು ದಿನ ಬಿಟ್ಟು ಬನ್ನಿ. ಬೇಜಾರು ಮಾಡ್ಕೋಬೇಡಿ, ಮಗು ಚೆನ್ನಾಗಿದೆ."

ಮಗುವಿನ ಅಳು ಸಣ್ಣಗೆ ಕೇಳಿಸಿತು. ಚಿಲಕ ಬಿದ್ದ ಸದ್ದಿನೊಡನೆ ಫೋನೂ ಕಟ್ಟಾಯಿತು. ರೈಲು ಹೊರಟುಹೋಯಿತು. ಮೂರು ದಿನದ ರಜೆ ಹಿಡಿದುಕೊಂಡು, ಹೋಗಲು ಮನೆಯಿಲ್ಲದೆ, ಆತ ಬೆಂಚಿನ ಮೇಲೆ ಕುಳಿತ.

ಈ ಕತೆಯನ್ನು ಕೇಳಿದವರೆಲ್ಲರ ಮೈಯೊಳಗಿನ ಕೂಗು ರೋಗ ಬಂದಾಗ ತಪ್ಪದೆ ಏಳಲಿ, ರೋಗ ತೊಲಗಿದಾಗ ತಪ್ಪದೆ ಅಡಗಲಿ. ಅವರ ಮಕ್ಕಳು ನಿರೋಗಿಗಳಾಗಿ ಬಾಳಲಿ. ಅಳಿಯಂದಿರಿಗೆ ಬಾಗಿಲು ಬೇಗನೆ ತೆರೆಯಲಿ.